ಸೊಂಟನೋವಿಗೆ ಕೊಂಡ ಟೆನ್ಸ್ ಯಂತ್ರ: ಎಂಟು ತಿಂಗಳ ಬಳಕೆಯ ನಂತರ

ಡಬ್ಬಿಯ ಮೇಲೆ ಹದಿನಾಲ್ಕು ಕಾಯಿಲೆಗಳ ಹೆಸರುಗಳಿವೆ. ಸೊಂಟನೋವು, ಕತ್ತುನೋವು, ಮಂಡಿನೋವುಗಳಿಂದ ಶುರುವಾಗುವ ಆ ಪಟ್ಟಿ ಕೆಳಗಿಳಿದಂತೆಲ್ಲ ಧೈರ್ಯ ಹೆಚ್ಚಿಸಿಕೊಂಡು, ನಿದ್ರಾಹೀನತೆ, ಬೊಜ್ಜು, ರಕ್ತದೊತ್ತಡಗಳನ್ನು ದಾಟಿ ಕೊನೆಗೆ ಸಕ್ಕರೆ ಕಾಯಿಲೆಗೆ ಬಂದು ನಿಲ್ಲುತ್ತದೆ. ಒಳಗಿರುವುದು ಅಂಗೈಯಗಲದ ಬಿಳಿ ಪ್ಲಾಸ್ಟಿಕ್ ಯಂತ್ರ, ಎರಡು ಜೋಡಿ ತಂತಿಗಳು, ಮೈಗೆ ಅಂಟಿಸಿಕೊಳ್ಳುವ ನಾಲ್ಕು ಪ್ಯಾಡುಗಳು, ಒಂದು ಚಾರ್ಜಿಂಗ್ ಕೇಬಲ್ಲು ಮತ್ತು ಒಂದು ಕೈಪಿಡಿ. ಆನ್‌ಲೈನ್‌ನಲ್ಲಿ ₹1,850 ಕೊಟ್ಟು ತರಿಸಿದ ಈ ಟೆನ್ಸ್ ಯಂತ್ರವನ್ನು, ಅಂದರೆ ಚರ್ಮದ ಮೂಲಕ ನರಗಳಿಗೆ ಸಣ್ಣ ವಿದ್ಯುತ್ ಮಿಡಿತಗಳನ್ನು ಕೊಟ್ಟು ನೋವು ಮರೆಸುವ ಯಂತ್ರವನ್ನು, ಎಂಟು ತಿಂಗಳು ಬಳಸಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಕಂಪನಿಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಇದೇ ಅಚ್ಚಿನ ಯಂತ್ರವನ್ನು ನಾಲ್ಕೈದು ಬೇರೆ ಬೇರೆ ಹೆಸರುಗಳಲ್ಲಿ ನಾನು ಕಂಡಿದ್ದೇನಾದ್ದರಿಂದ, ಕೊಳ್ಳುವವರು ಹೆಸರನ್ನು ನೋಡುವುದಕ್ಕಿಂತ ಯಂತ್ರದಲ್ಲಿ ಏನನ್ನು ನೋಡಬೇಕೆಂದು ತಿಳಿದುಕೊಳ್ಳುವುದೇ ಉಪಯುಕ್ತ.

ನಾನು ಐಟಿಐ ಒಂದರಲ್ಲಿ ಎಲೆಕ್ಟ್ರಿಷಿಯನ್ ವಿಭಾಗದ ಬೋಧಕ. ವಿದ್ಯುತ್ತಿನಿಂದ ದೂರವಿರುವುದು ಹೇಗೆಂದು ಹುಡುಗರಿಗೆ ಇಪ್ಪತ್ತೆರಡು ವರ್ಷಗಳಿಂದ ಕಲಿಸುತ್ತ ಬಂದವನು, ಅದೇ ವಿದ್ಯುತ್ತನ್ನು ದುಡ್ಡು ಕೊಟ್ಟು ಮೈಗೆ ಹರಿಸಿಕೊಳ್ಳುವ ಸ್ಥಿತಿಗೆ ಬಂದದ್ದು ಆಯುಧಪೂಜೆಯ ಹಿಂದಿನ ದಿನ, ಕಾರ್ಯಾಗಾರವನ್ನು ಗುಡಿಸಿ ಒರೆಸುವ ಭರದಲ್ಲಿ ಮೂರು ಎಚ್‌ಪಿ ಮೋಟರೊಂದನ್ನು ಒಬ್ಬನೇ ಸರಿಸಲು ಹೋಗಿ ಸೊಂಟ ಹಿಡಿದುಕೊಂಡಾಗ. ವೈದ್ಯರು ಕಾಲಿಗೆ ಜೋಮು ಇಳಿಯುತ್ತದೆಯೇ, ಮೂತ್ರ ಹಿಡಿದಿಟ್ಟುಕೊಳ್ಳುವುದಕ್ಕೆ ತೊಂದರೆಯಿದೆಯೇ ಎಂದೆಲ್ಲ ಕೇಳಿ, ಅಂಥದ್ದೇನೂ ಇಲ್ಲವೆಂದು ಖಚಿತಪಡಿಸಿಕೊಂಡು, ಐದು ದಿನದ ಮಾತ್ರೆಯ ಜೊತೆಗೆ ಫಿಸಿಯೋಥೆರಪಿ ಎಂದು ಬರೆದುಕೊಟ್ಟರು. ಈ ಪ್ರಶ್ನೆಗಳನ್ನು ಯಾರೂ ಕೇಳದೆಯೇ ಯಂತ್ರ ಕೊಂಡು ಸೊಂಟಕ್ಕೆ ಅಂಟಿಸಿಕೊಳ್ಳುವವರೇ ಹೆಚ್ಚು. ನರ ಒತ್ತಿಕೊಂಡಿರುವ ನೋವನ್ನೂ ಸ್ನಾಯು ಉಳುಕಿದ ನೋವನ್ನೂ ಬೇರ್ಪಡಿಸುವ ಶಕ್ತಿ ಯಾವ ಯಂತ್ರಕ್ಕೂ ಇಲ್ಲ.

ಹೀಗೆ ನೋವಿಗೆ ವಿದ್ಯುತ್ತು ಕೊಡಿಸಿಕೊಳ್ಳುವುದಕ್ಕೆ ನಮ್ಮ ಕಡೆ ಹೇಳುವುದು "ಕರೆಂಟ್ ಇಡಿಸಿಕೊಳ್ಳುವುದು" ಎಂದು. ನಾನು ಕರೆಂಟ್ ಇಡಿಸಿಕೊಳ್ಳುತ್ತಿದ್ದೇನೆಂದು ತಿಳಿದ ಪಕ್ಕದ ಮನೆಯ ಹಿರಿಯರು ನನ್ನ ಹೆಂಡತಿಯನ್ನು ಬದಿಗೆ ಕರೆದು, "ಮೇಷ್ಟ್ರಿಗೆ ತಲೆ ಸರಿಯಿದೆ ತಾನೇನಮ್ಮ?" ಎಂದು ಕೇಳಿದ್ದರಂತೆ. ಅವರ ಮನಸ್ಸಿನಲ್ಲಿದ್ದದ್ದು ಮಾನಸಿಕ ಕಾಯಿಲೆಗೆ ಕೊಡುವ ಶಾಕ್ ಟ್ರೀಟ್‌ಮೆಂಟ್. 1938ರಲ್ಲಿ ರೋಮ್ ನಗರದಲ್ಲಿ ಚೆರ್ಲೆಟ್ಟಿ ಮತ್ತು ಬಿನಿ ಎಂಬ ವೈದ್ಯರು ಆರಂಭಿಸಿದ ಆ ಚಿಕಿತ್ಸೆಯಲ್ಲಿ ವಿದ್ಯುತ್ತು ಮಿದುಳಿಗೆ ಹೋಗುತ್ತದೆ. ಅರಿವಳಿಕೆಯನ್ನೂ ಸ್ನಾಯು ಸಡಿಲಿಸುವ ಔಷಧವನ್ನೂ ಕೊಡದೆ ಅದನ್ನು ನಡೆಸುವುದನ್ನು ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಷೇಧಿಸಿದೆ. ಸೊಂಟಕ್ಕಿಡುವ ಕರೆಂಟಿಗೂ ಅದಕ್ಕೂ ಹೆಸರಿನಲ್ಲಿ ಬಿಟ್ಟರೆ ಯಾವ ನೆಂಟಸ್ತನವೂ ಇಲ್ಲ.

ಯಂತ್ರ ಕೊಳ್ಳುವ ಮೊದಲು ಎರಡು ಫಿಸಿಯೋಥೆರಪಿ ಕೇಂದ್ರಗಳನ್ನು ಕಂಡೆ. ಮೊದಲನೆಯದರಲ್ಲಿ ಒಂದು ಸಲಕ್ಕೆ ₹300. ಹತ್ತು ಸಲದ ಹಣವನ್ನು ಮುಂಗಡ ಕಟ್ಟಿದರೆ ಒಂದು ಸಲ ಉಚಿತ. ಅಲ್ಲಿ ಕೊಟ್ಟದ್ದು ಐಎಫ್‌ಟಿ, ಅಂದರೆ ಇಂಟರ್‌ಫರೆನ್ಷಿಯಲ್ ಚಿಕಿತ್ಸೆ. 1950ರ ದಶಕದಲ್ಲಿ ಆಸ್ಟ್ರಿಯಾದ ಹಾನ್ಸ್ ನೆಮೆಕ್ ರೂಪಿಸಿದ ಈ ಪದ್ಧತಿಯ ಯುಕ್ತಿ ನಿಜಕ್ಕೂ ಸೊಗಸಾದದ್ದು. ಕಡಿಮೆ ಆವರ್ತನದ ವಿದ್ಯುತ್ತಿಗೆ ಚರ್ಮ ಹೆಚ್ಚು ತಡೆಯೊಡ್ಡುವುದರಿಂದ ಅದನ್ನು ಆಳಕ್ಕೆ ಕಳಿಸಹೊರಟರೆ ಮೇಲೆಯೇ ಚುರುಗುಟ್ಟುತ್ತದೆ; ಸೆಕೆಂಡಿಗೆ ಸಾವಿರಾರು ಸಲ ಬದಲಾಗುವ ವಿದ್ಯುತ್ತಿಗೆ ಆ ತಡೆ ಕಡಿಮೆ, ಆದರೆ ನರಗಳು ಅಷ್ಟು ವೇಗಕ್ಕೆ ಒಂದೊಂದಾಗಿ ಸ್ಪಂದಿಸಲಾರವು. ಆದ್ದರಿಂದ ಒಂದು ಜೋಡಿ ಪ್ಯಾಡಿನಿಂದ 4,000 ಹರ್ಟ್ಸ್ (ಸೆಕೆಂಡಿಗೆ 4,000 ಆವರ್ತನ), ಅದಕ್ಕೆ ಅಡ್ಡಲಾಗಿಟ್ಟ ಇನ್ನೊಂದು ಜೋಡಿಯಿಂದ 4,100 ಹರ್ಟ್ಸ್ ಹರಿಸಿದರೆ, ಎರಡೂ ಕೂಡುವ ಜಾಗದಲ್ಲಿ ಅವುಗಳ ವ್ಯತ್ಯಾಸವಾದ 100 ಹರ್ಟ್ಸಿನ ಏರಿಳಿತ ಹುಟ್ಟುತ್ತದೆ. ತಂಬೂರಿಯ ಎರಡು ತಂತಿಗಳ ಶ್ರುತಿ ಕೂದಲೆಳೆಯಷ್ಟು ತಪ್ಪಿದಾಗ ಮೂರನೆಯದೊಂದು ಅಲೆ "ವೊಂಯ್ ವೊಂಯ್" ಎಂದು ಕೇಳಿಸುವುದಿಲ್ಲವೇ, ಅದೇ ತತ್ತ್ವ.

ತತ್ತ್ವ ಸೊಗಸಾಗಿದ್ದರೂ ಆ ಕೇಂದ್ರದ ಸೇವೆ ಹಾಗಿರಲಿಲ್ಲ. ನಾಲ್ಕು ಕಪ್ಪು ರಬ್ಬರ್ ಪ್ಯಾಡುಗಳಿಗೆ ಜೆಲ್ ಸವರಿ, ಸೊಂಟಕ್ಕೆ ಪಟ್ಟಿ ಬಿಗಿದು, ಗುಂಡಿ ತಿರುಗಿಸಿ, "ಜುಮ್ ಅಂತ ಇದೆಯಾ ಸರ್?" ಎಂದು ಕೇಳಿದ ಹುಡುಗ ಪರದೆ ಎಳೆದು ಹೋದವನು ಇಪ್ಪತ್ತು ನಿಮಿಷದ ನಂತರ ಯಂತ್ರ ಕೂಗಿಕೊಂಡಾಗಲೇ ಬಂದದ್ದು. ಐದಾರು ನಿಮಿಷಗಳಲ್ಲಿ ನರಗಳು ಆ ಜುಮುಜುಮುಗೆ ಒಗ್ಗಿಕೊಂಡು ಏನೂ ತಿಳಿಯದಂತಾಗುತ್ತದೆ; ಆಗ ಯಾರಾದರೂ ಬಂದು ಪ್ರಮಾಣವನ್ನು ಸ್ವಲ್ಪ ಏರಿಸಬೇಕು, ಇಲ್ಲವೇ ಆವರ್ತನ ತಾನಾಗಿ ಏರಿಳಿಯುವಂತೆ ಮೊದಲೇ ಹೊಂದಿಸಿರಬೇಕು. ಎರಡೂ ಆಗದಿದ್ದುದರಿಂದ ಉಳಿದ ಹದಿನಾಲ್ಕು ನಿಮಿಷ ನಾನು ಕವುಚಿ ಮಲಗಿಕೊಂಡು ಹೊರಗಿನ ಟಿವಿಯಲ್ಲಿ ಬರುತ್ತಿದ್ದ ಧಾರಾವಾಹಿಯ ಸಂಭಾಷಣೆಯನ್ನು ಕೇಳಿಸಿಕೊಂಡೆ. ಆರು ದಿನ ಹೋದರೂ ಬಗ್ಗುವುದು ಹೇಗೆ, ಏಳುವುದು ಹೇಗೆ ಎಂದು ಯಾರೂ ಹೇಳಿಕೊಡಲಿಲ್ಲ. ಬಿಲ್ಲಿನಲ್ಲಿ ಮಾತ್ರ ಐಎಫ್‌ಟಿಯ ಜೊತೆಗೆ ಅಲ್ಟ್ರಾಸೌಂಡ್, ಎಸ್‌ಡಬ್ಲ್ಯುಡಿ ಎಂದು ಸಾಲುಗಳು ಬೆಳೆಯುತ್ತಿದ್ದವು. ಅಲ್ಟ್ರಾಸೌಂಡ್ ಕರೆಂಟಲ್ಲ, ಕಿವಿಗೆ ಕೇಳಿಸದ ಶಬ್ದದ ಅಲೆ, ಎಸ್‌ಡಬ್ಲ್ಯುಡಿ 27.12 ಮೆಗಾಹರ್ಟ್ಸಿನ ಅಲೆಗಳಿಂದ ಒಳಗಿನ ಮಾಂಸಖಂಡವನ್ನು ಬೆಚ್ಚಗೆ ಮಾಡುವ ವಿಧಾನ. ಎಲ್ಲವನ್ನೂ "ಕರೆಂಟ್" ಎಂಬ ಒಂದೇ ಮಾತಿನಲ್ಲಿ ಹೇಳುವುದರಿಂದ ರೋಗಿಗೆ ತಾನು ಯಾವುದಕ್ಕೆ ಹಣ ಕೊಡುತ್ತಿದ್ದೇನೆಂಬುದು ಗೊತ್ತಾಗುವುದೇ ಇಲ್ಲ.

ಎರಡನೆಯ ಕೇಂದ್ರ ನಮ್ಮೂರಿನಿಂದ ಹದಿನೆಂಟು ಕಿಲೋಮೀಟರ್ ದೂರ. ಅಲ್ಲಿನ ಫಿಸಿಯೋಥೆರಪಿಸ್ಟ್ ಮೊದಲ ದಿನ ಯಂತ್ರವನ್ನು ಮುಟ್ಟಲೇ ಇಲ್ಲ. ನಿಲ್ಲಿಸಿ, ಬಗ್ಗಿಸಿ, ಕುಳ್ಳಿರಿಸಿ, ಕಾಲೆತ್ತಿಸಿ ನೋಡಿದರು. ಎರಡನೆಯ ದಿನ ಕರೆಂಟ್ ಇಡುವ ಮೊದಲು ಒಂದು ಗಾಜಿನ ನಳಿಗೆಯಲ್ಲಿ ಬಿಸಿನೀರು, ಇನ್ನೊಂದರಲ್ಲಿ ತಣ್ಣೀರು ತುಂಬಿ, ನಾನು ಕಣ್ಣು ಮುಚ್ಚಿರುವಾಗ ಒಂದೊಂದನ್ನೇ ಸೊಂಟಕ್ಕೆ ತಾಗಿಸುತ್ತ ಬಿಸಿಯೋ ತಂಪೋ ಹೇಳಿ ಎಂದರು. ಸ್ಪರ್ಶ ಸರಿಯಾಗಿ ತಿಳಿಯದ ಚರ್ಮಕ್ಕೆ ಕರೆಂಟ್ ಇಡಬಾರದಾದ್ದರಿಂದ ಈ ಪರೀಕ್ಷೆ. ಮೊದಲಿನ ಕೇಂದ್ರದಲ್ಲಿ ಇದರ ಸುಳಿವೂ ಇರಲಿಲ್ಲ. "ಕರೆಂಟು ನೋವನ್ನ ಸ್ವಲ್ಪ ಹೊತ್ತು ಮರೆಸುತ್ತೆ ಸರ್, ಆ ಹೊತ್ತಲ್ಲಿ ವ್ಯಾಯಾಮ ಮಾಡ್ಕೊಳ್ಳಿ. ಸೊಂಟ ಗಟ್ಟಿಯಾಗೋದು ಅದರಿಂದ, ಇದರಿಂದಲ್ಲ" ಎಂದು ಅವರು ಹೇಳಿದ್ದು ನಾನು ಈ ಇಡೀ ವ್ಯವಹಾರದಲ್ಲಿ ಕೇಳಿದ ಅತ್ಯಂತ ಪ್ರಾಮಾಣಿಕ ಮಾತು. ದಿನವೂ ಬಸ್ಸಿನಲ್ಲಿ ಅಷ್ಟು ದೂರ ಕುಳಿತು ಹೋಗಿಬರುವುದೇ ಸೊಂಟಕ್ಕೆ ಶಿಕ್ಷೆಯಾಗುತ್ತಿದ್ದುದರಿಂದ, ವಾರಕ್ಕೊಮ್ಮೆ ಅವರಲ್ಲಿಗೆ ಹೋಗಿ ಉಳಿದ ದಿನ ಮನೆಯಲ್ಲಿ ಟೆನ್ಸ್ ಬಳಸಬಹುದೇ ಎಂದು ಕೇಳಿದೆ. ಒಪ್ಪಿ, ಪ್ಯಾಡು ಇಡಬೇಕಾದ ನಾಲ್ಕು ಜಾಗಗಳನ್ನು ಬೆನ್ನಿನ ಮೇಲೆ ಪೆನ್ನಿನಿಂದ ಗುರುತು ಹಾಕಿಕೊಟ್ಟರು. ನನ್ನ ಹೆಂಡತಿ ಅದರ ಫೋಟೋ ತೆಗೆದಿಟ್ಟುಕೊಂಡಳು.

ಇನ್ನು ಯಂತ್ರದ ವಿಚಾರ. ಪ್ಯಾಡುಗಳನ್ನು ಬೆನ್ನೆಲುಬಿನ ಎರಡೂ ಬದಿಗೆ ಅಂಟಿಸಿ, ಆವರ್ತನವನ್ನು 100ಕ್ಕೂ ಮಿಡಿತದ ಅಗಲವನ್ನು (ಒಂದೊಂದು ಮಿಡಿತ ಇರುವ ಹೊತ್ತನ್ನು) 200 ಮೈಕ್ರೋಸೆಕೆಂಡಿಗೂ ಹೊಂದಿಸಿ, ಪ್ರಮಾಣದ ಗುಂಡಿಯನ್ನು ಸೊನ್ನೆಯಿಂದ ಒಂದೊಂದೇ ಮೆಟ್ಟಿಲು ಏರಿಸಿದರೆ, ಮೂರರವರೆಗೆ ಏನೂ ಇಲ್ಲ. ನಾಲ್ಕರಲ್ಲಿ ಇರುವೆ ಹರಿದಂತೆ. ಆರರಲ್ಲಿ ಸೋಡಾ ಕುಡಿದಾಗ ನಾಲಿಗೆಯ ಮೇಲಾಗುವ ಚುರುಚುರು ಬೆನ್ನಿನ ಮೇಲಾದಂತೆ. ಎಂಟರಲ್ಲಿ ಗಟ್ಟಿಯಾದ, ಆದರೆ ನೋಯಿಸದ ಜುಮುಜುಮು. ಅಲ್ಲಿಗೆ ನಿಲ್ಲಿಸಬೇಕು. ಹೆಚ್ಚು ಇಟ್ಟಷ್ಟೂ ಹೆಚ್ಚು ಗುಣ ಎಂಬುದು ಇಲ್ಲಿ ನಡೆಯುವುದಿಲ್ಲ, ಸ್ನಾಯು ಬಿಗಿದು ಎಳೆಯತೊಡಗುತ್ತದೆ. ಎಂಟರಲ್ಲಿಟ್ಟ ಹತ್ತು ನಿಮಿಷದೊಳಗೆ ಸೊಂಟದ ಹಿಡಿತ ಸಡಿಲಿದಂತಾಗಿ, ಯಂತ್ರ ನಡೆಯುತ್ತಿರುವಷ್ಟು ಹೊತ್ತು ಮತ್ತು ನಿಲ್ಲಿಸಿದ ಮೇಲೆ ಅರ್ಧದಿಂದ ಒಂದು ಗಂಟೆಯವರೆಗೆ ನೋವು ಹಿನ್ನೆಲೆಗೆ ಸರಿಯುತ್ತದೆ. ಆಮೇಲೆ ನಿಧಾನವಾಗಿ ಮರಳುತ್ತದೆ. ಎಂಟು ತಿಂಗಳಲ್ಲಿ ಈ ಲೆಕ್ಕ ಹೆಚ್ಚೇನೂ ಬದಲಾಗಿಲ್ಲ.

ಹೀಗೇಕಾಗುತ್ತದೆ ಎಂಬುದಕ್ಕೆ ಚೆನ್ನಾದ ವಿವರಣೆಯಿದೆ. ಮಗು ಬಿದ್ದು ಮಂಡಿ ತರಚಿಕೊಂಡರೆ ತಾಯಿ ಮೊದಲು ಮಾಡುವುದು ಆ ಜಾಗದ ಸುತ್ತ ಉಜ್ಜುವುದನ್ನು. ಉಜ್ಜಿದರೆ ನೋವು ಕಡಿಮೆಯಾಗುವುದೂ ನಿಜ. ಸ್ಪರ್ಶದ ಸುದ್ದಿಯನ್ನು ಒಯ್ಯುವ ದಪ್ಪ ನರತಂತುಗಳು ಚುರುಕಾದಾಗ, ನೋವಿನ ಸುದ್ದಿ ಒಯ್ಯುವ ತೆಳು ತಂತುಗಳಿಗೆ ಬೆನ್ನುಹುರಿಯಲ್ಲಿರುವ ಬಾಗಿಲು ಅರೆಮುಚ್ಚಿಕೊಳ್ಳುತ್ತದೆ ಎಂಬ ಸಿದ್ಧಾಂತವನ್ನು ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ 1965ರಲ್ಲಿ ಮುಂದಿಟ್ಟರು. ಎರಡೇ ವರ್ಷಗಳಲ್ಲಿ ವಾಲ್ ಮತ್ತು ವಿಲಿಯಂ ಸ್ವೀಟ್ ತಮ್ಮದೇ ಕಣ್ಣಿನ ಕೆಳಗಿನ ನರಕ್ಕೆ ವಿದ್ಯುತ್ ಮಿಡಿತ ಕೊಟ್ಟುಕೊಂಡು, ಚುಚ್ಚಿದರೂ ನೋವು ಮಂಕಾಗುವುದನ್ನು ತೋರಿಸಿದರು. ಇದೇ ಯಂತ್ರದಲ್ಲಿ ಆವರ್ತನವನ್ನು 2ರಿಂದ 4 ಹರ್ಟ್ಸಿಗೆ ಇಳಿಸಿ ಪ್ರಮಾಣ ಏರಿಸಿದರೆ ಕೆಲಸ ಮಾಡುವ ದಾರಿಯೇ ಬೇರೆ: ಸ್ನಾಯು ಟಿಕ್ ಟಿಕ್ ಎಂದು ಕುಣಿಯುತ್ತದೆ, ದೇಹ ತಾನೇ ತಯಾರಿಸುವ ಅಫೀಮಿನಂಥ ರಾಸಾಯನಿಕಗಳು ಬಿಡುಗಡೆಯಾಗುತ್ತವೆ. ವಿದ್ಯುತ್ತಿನಿಂದ ನೋವು ಮರೆಸುವ ಉಪಾಯ ಮಾತ್ರ ಬಹಳ ಹಳೆಯದು. ಮೊದಲನೆಯ ಶತಮಾನದ ರೋಮನ್ ವೈದ್ಯ ಸ್ಕ್ರಿಬೋನಿಯಸ್ ಲಾರ್ಗಸ್, ಕೀಲುನೋವಿನವರು ಜೀವಂತ ವಿದ್ಯುತ್ ಮೀನಿನ ಮೇಲೆ ಪಾದವಿಟ್ಟು, ಕಾಲು ಮರಗಟ್ಟುವವರೆಗೆ ನಿಲ್ಲಬೇಕೆಂದು ಬರೆದಿಟ್ಟಿದ್ದಾನೆ. ಆ ಮೀನಿಗೆ ಪ್ರಮಾಣದ ಗುಂಡಿ ಇರಲಿಲ್ಲವೆಂಬುದೊಂದೇ ಕೊರತೆ.

ಗುಂಡಿಯ ಮಾತು ಬಂದದ್ದರಿಂದ ಹೇಳುತ್ತೇನೆ. ವೃತ್ತಿಯ ಚಾಳಿ ಬಿಡಲಾರದೆ, ಒಂದು ಶನಿವಾರ ಮಧ್ಯಾಹ್ನ ವಿದ್ಯುತ್ತಿನ ಅಲೆಯನ್ನು ಪರದೆಯ ಮೇಲೆ ಚಿತ್ರವಾಗಿ ತೋರಿಸುವ, ಪಕ್ಕದ ಎಲೆಕ್ಟ್ರಾನಿಕ್ಸ್ ವಿಭಾಗದ ಆಸಿಲೋಸ್ಕೋಪಿಗೆ ಯಂತ್ರವನ್ನು ಜೋಡಿಸಿದೆ. ದೇಹದ ಬದಲಿಗೆ 500 ಓಮ್ ರೆಸಿಸ್ಟರ್ ಒಂದನ್ನು ಎರಡು ತಂತಿಗಳ ನಡುವೆ ಬೆಸುಗೆ ಹಾಕಿದೆ. ಯಂತ್ರದ ಪರದೆ 100 ಹರ್ಟ್ಸ್ ಎನ್ನುತ್ತಿದ್ದಾಗ ಆಸಿಲೋಸ್ಕೋಪ್ ತೋರಿಸಿದ್ದು 83. ಅಗಲ 200ರ ಬದಲು 190 ಮೈಕ್ರೋಸೆಕೆಂಡ್. ಇವೆರಡನ್ನೂ ಕ್ಷಮಿಸಬಹುದು, ನರಗಳಿಗೆ ಅಷ್ಟು ನಿಖರತೆ ಬೇಕಿಲ್ಲ. ಮಿಡಿತದ ಆಕಾರ ಕೂಡ ತೃಪ್ತಿಕರ: ಮೇಲಕ್ಕೊಂದು ಚೂಪಾದ ಏಟು, ಅದರ ಹಿಂದೆಯೇ ಕೆಳಕ್ಕೆ ಅಷ್ಟೇ ವಿಸ್ತೀರ್ಣದ ಒಂದು ಉದ್ದನೆಯ ಬಾಲ. ಒಂದೇ ದಿಕ್ಕಿಗೆ ಹರಿಯುವ ವಿದ್ಯುತ್ತಾದರೆ ಎಲೆಕ್ಟ್ರೋಪ್ಲೇಟಿಂಗ್ ತೊಟ್ಟಿಯಲ್ಲಿ ಆಗುವುದೇ ಚರ್ಮದ ಮೇಲೂ ಆಗಿ, ಒಂದು ಪ್ಯಾಡಿನ ಕೆಳಗೆ ಆಮ್ಲ, ಇನ್ನೊಂದರ ಕೆಳಗೆ ಕ್ಷಾರ ಶೇಖರವಾಗಿ ಸುಟ್ಟ ಗಾಯವಾಗುತ್ತದೆ. ಹೋದ ಚಾರ್ಜು ಹಿಂದಿರುಗಿ ಬರುವುದರಿಂದಲೇ ಇದು ಸುರಕ್ಷಿತ.

ಗುಂಡಿ ಮಾತ್ರ ಕ್ಷಮೆಗೆ ಅರ್ಹವಲ್ಲ. ಎಂಟನೆಯ ಮೆಟ್ಟಿಲಿನಲ್ಲಿ 22 ಮಿಲಿಆಂಪಿಯರ್, ಹನ್ನೊಂದರಲ್ಲಿ 32; ಹನ್ನೆರಡಕ್ಕೆ ಹೋದ ಕೂಡಲೇ 44ಕ್ಕೆ ಜಿಗಿಯಿತು. ಹನ್ನೊಂದರಿಂದ ಹನ್ನೆರಡಕ್ಕೆ ಹೋದಾಗ ಬೆನ್ನಿಗೆ ಯಾರೋ ಗುದ್ದಿದಂತಾಗುತ್ತಿದ್ದುದು ನನ್ನ ಭ್ರಮೆಯಲ್ಲವೆಂದು ಅಂದು ತಿಳಿಯಿತು. ಇದಕ್ಕಿಂತ ಕೆಟ್ಟದ್ದು, ಒಂದು ಕ್ರಮದಿಂದ (ಮೋಡ್) ಇನ್ನೊಂದಕ್ಕೆ ಬದಲಾಯಿಸಿದಾಗ ಪ್ರಮಾಣ ಸೊನ್ನೆಗೆ ಇಳಿಯದೆ ಇದ್ದಲ್ಲೇ ಇರುವುದು. ಜುಮುಜುಮು ಕ್ರಮದಲ್ಲಿ ಹಿತವಾಗಿದ್ದ ಎಂಟು, "ಹೊಟ್ಟೆ ಕರಗಿಸುವ" ಕ್ರಮಕ್ಕೆ ಬದಲಾದ ಕ್ಷಣದಲ್ಲಿ ಏಟಾಗಿ ಬರುತ್ತದೆ. ಅಂದಹಾಗೆ ಆ ಕ್ರಮ ಮಾಡುವುದು ಹೊಟ್ಟೆಯ ಸ್ನಾಯುವನ್ನು ಕುಣಿಸುವ ಕೆಲಸವನ್ನಷ್ಟೇ. ಕೊಬ್ಬು ಇದ್ದಲ್ಲೇ ಇರುತ್ತದೆ.

ಹುಡುಗರು ಕೇಳಿದ ಒಂದು ಪ್ರಶ್ನೆಯನ್ನು ಇಲ್ಲಿ ಹೇಳಲೇಬೇಕು. ಮನೆಗಳಿಗೆ ನಾವು ಕೂರಿಸುವ ಆರ್‌ಸಿಸಿಬಿ, ಅಂದರೆ ವಿದ್ಯುತ್ತು ಸೋರಿದರೆ ತಾನೇ ಕಡಿದುಹಾಕುವ ಸ್ವಿಚ್ಚು, 30 ಮಿಲಿಆಂಪಿಯರ್ ಸೋರಿದರೆ ಸಾಕು, ಜೀವಕ್ಕೆ ಅಪಾಯವೆಂದು ಬಿದ್ದುಕೊಳ್ಳುತ್ತದೆ. ಈ ಯಂತ್ರ ಕೊನೆಯ ಮೆಟ್ಟಿಲಿನಲ್ಲಿ 62 ಮಿಲಿಆಂಪಿಯರ್ ಕೊಟ್ಟರೂ ಮನುಷ್ಯ ಹೇಗೆ ಉಳಿಯುತ್ತಾನೆ? ಉತ್ತರವಿರುವುದು ಹೊತ್ತಿನಲ್ಲಿ ಮತ್ತು ದಾರಿಯಲ್ಲಿ. ಸೆಕೆಂಡಿಗೆ 83 ಮಿಡಿತ, ಪ್ರತಿ ಮಿಡಿತದ ಏಟು 190 ಮೈಕ್ರೋಸೆಕೆಂಡ್ ಎಂದರೆ, ಒಂದು ಸೆಕೆಂಡಿನ ಸಾವಿರ ಮಿಲಿಸೆಕೆಂಡುಗಳಲ್ಲಿ ಆ ಪೂರ್ಣ ಏಟು ಇರುವುದು ಸುಮಾರು 16 ಮಿಲಿಸೆಕೆಂಡ್ ಮಾತ್ರ. ಮೇನ್ಸಿನ ವಿದ್ಯುತ್ತಾದರೋ ಬಿಡುವಿಲ್ಲದೆ, ಕೈಯಿಂದ ಎದೆಯನ್ನು ಹಾದು ಕಾಲಿಗಿಳಿದು ನೆಲ ಸೇರುತ್ತದೆ. ಇದು ಎರಡು ಪ್ಯಾಡುಗಳ ನಡುವಿನ ನಾಲ್ಕು ಬೆರಳು ಜಾಗದಲ್ಲೇ ಸುತ್ತಾಡುತ್ತದೆ. ಆದ್ದರಿಂದಲೇ ಪ್ಯಾಡುಗಳನ್ನು ಎದೆಯ ಎರಡು ಬದಿಗೆ, ಅಥವಾ ಒಂದನ್ನು ಎದೆಗೂ ಇನ್ನೊಂದನ್ನು ಬೆನ್ನಿಗೂ ಅಂಟಿಸಬಾರದು. ದಾರಿಯ ನಡುವೆ ಹೃದಯ ಬಂದರೆ ಮೇಲಿನ ಲೆಕ್ಕದ ನೆಮ್ಮದಿ ಉಳಿಯುವುದಿಲ್ಲ.

ಇಷ್ಟೂ ಸುರಕ್ಷತೆ ಯಂತ್ರ ಬ್ಯಾಟರಿಯಲ್ಲಿ ನಡೆಯುತ್ತಿದೆ, ಗೋಡೆಯ ಸಾಕೆಟ್ಟಿಗೂ ಮೈಗೂ ಸಂಬಂಧವಿಲ್ಲ ಎಂಬ ನಂಬಿಕೆಯ ಮೇಲೆ ನಿಂತಿದೆ. ಚೆನ್ನಾಗಿ ಮಾಡಿದ ಯಂತ್ರದಲ್ಲಿ ಚಾರ್ಜಿಗೆ ಹಾಕಿದೊಡನೆ ಔಟ್‌ಪುಟ್ ತಾನಾಗಿ ಬಂದ್ ಆಗುತ್ತದೆ. ಇದರಲ್ಲಿ ಆಗುವುದಿಲ್ಲ. ಚಾರ್ಜಿಂಗ್ ಕೇಬಲ್ ಕೊಟ್ಟಿದ್ದಾರೆಯೇ ಹೊರತು ಅಡಾಪ್ಟರ್ ಕೊಟ್ಟಿಲ್ಲವಾದ್ದರಿಂದ ಜನ ಮನೆಯಲ್ಲಿರುವ ಯಾವುದೋ ಮೊಬೈಲ್ ಚಾರ್ಜರನ್ನು ಚುಚ್ಚುತ್ತಾರೆ. ಬ್ಯಾಟರಿ ಇಳಿದಿದ್ದರೆ ಚುಚ್ಚಿಕೊಂಡೇ ಮಲಗುತ್ತಾರೆ. ನೂರು ರೂಪಾಯಿಯ ಚಾರ್ಜರುಗಳನ್ನು ಬಿಚ್ಚಿ ನೋಡಿದವನಾಗಿ ಹೇಳುತ್ತೇನೆ: ಅವುಗಳಲ್ಲಿ 230 ವೋಲ್ಟಿನ ಬದಿಗೂ 5 ವೋಲ್ಟಿನ ಬದಿಗೂ ನಡುವಿನ ಅಂತರ ಕೆಲವೊಮ್ಮೆ ಬೆಂಕಿಕಡ್ಡಿಯ ದಪ್ಪವೂ ಇರುವುದಿಲ್ಲ. ಆ ಅಂತರ ಕೈಕೊಟ್ಟ ದಿನ ಮೈಗೆ ಅಂಟಿದ ಪ್ಯಾಡು ಮೇನ್ಸಿನ ತಂತಿಯೇ ಆಗುತ್ತದೆ, ಅದೂ ಜೆಲ್ ಸವರಿ ಚರ್ಮದ ತಡೆಯನ್ನು ಇಳಿಸಿಟ್ಟ ಜಾಗದಲ್ಲಿ. ಈ ಒಂದು ದೋಷಕ್ಕಾಗಿಯೇ ಈ ಯಂತ್ರವನ್ನು ಕೊಳ್ಳಬೇಡಿ ಎನ್ನುತ್ತೇನೆ. ಬಿಚ್ಚಿ ಬದಲಾಯಿಸುವ 9 ವೋಲ್ಟಿನ ಬ್ಯಾಟರಿಯ ಹಳೆಯ ಮಾದರಿಗಳು ನೋಡಲು ಒರಟಾಗಿದ್ದರೂ ಈ ವಿಷಯದಲ್ಲಿ ಅವೇ ಮೇಲು. ಪ್ಯಾಡಿನೊಳಕ್ಕೆ ಹೋಗುವ ತಂತಿಯ ತುದಿಯಲ್ಲಿ ಬರಿಯ ಲೋಹದ ಪಿನ್ನು ಹೊರಚಾಚಿಕೊಂಡಿರುವುದೂ ನನಗೆ ಒಪ್ಪಿಗೆಯಾಗಲಿಲ್ಲ. ಮಕ್ಕಳು ಅದನ್ನು ಗೋಡೆಯ ಸಾಕೆಟ್ಟಿಗೆ ತುರುಕಬಹುದು. ರೋಗಿಯ ಮೈಗೆ ಸೇರುವ ತಂತಿಗಳಿಗೆ ಇಂಥ ಬೋಳು ಪಿನ್ನು ಇರಬಾರದೆಂದು ಅಮೆರಿಕ 1997ರಲ್ಲೇ ನಿಯಮ ಮಾಡಿತ್ತು.

ಪ್ಯಾಡುಗಳ ಆಯುಷ್ಯ ನಾವು ನೋಡಿಕೊಂಡಂತೆ. ನೋವಿನೆಣ್ಣೆ ತಿಕ್ಕಿದ ಬೆನ್ನಿಗೆ ಅಂಟಿಸಿದರೆ ಮೂರು ದಿನಕ್ಕೆ ಸತ್ತುಹೋಗುತ್ತವೆ. ಸೋಪು ಹಾಕಿ ತೊಳೆದು ಒರೆಸಿದ ಚರ್ಮಕ್ಕೆ ಅಂಟಿಸಿ, ತೆಗೆದ ಮೇಲೆ ಅಂಟಿನ ಬದಿಗೆ ಒಂದು ಹನಿ ನೀರು ಸವರಿ ಪ್ಲಾಸ್ಟಿಕ್ ಹಾಳೆಗೆ ಮರಳಿ ಅಂಟಿಸಿಟ್ಟರೆ ಇಪ್ಪತ್ತೈದು ಮೂವತ್ತು ಸಲ ಬರುತ್ತವೆ. ಅಂಚು ಎದ್ದ ಪ್ಯಾಡನ್ನು ಬಳಸಬಾರದು. ಅಷ್ಟೇ ಕರೆಂಟು ಕಡಿಮೆ ಜಾಗದಲ್ಲಿ ನುಗ್ಗುವುದರಿಂದ ಅಲ್ಲಿ ಸೂಜಿ ಚುಚ್ಚಿದಂತಾಗುತ್ತದೆ. ನಾಲ್ಕು ಪ್ಯಾಡಿಗೆ ₹320. ಎಂಟು ತಿಂಗಳಲ್ಲಿ ಮೂರು ಸೆಟ್ಟು ತರಿಸಿದ್ದೇನೆ.

ಕೈಪಿಡಿ ಇಂಗ್ಲಿಷ್ ಮತ್ತು ಹಿಂದಿಯಲ್ಲಿದೆ. ಯಾರು ಬಳಸಬಾರದು ಎಂಬುದು ಕೊನೆಯ ಪುಟದಲ್ಲಿ, ಭೂತಗನ್ನಡಿ ಬೇಡುವ ಅಕ್ಷರದಲ್ಲಿದೆ. ಪೇಸ್‌ಮೇಕರ್ ಇರುವವರು ಮುಟ್ಟಲೇಬಾರದು. ಗರ್ಭಿಣಿಯರ ಹೊಟ್ಟೆ, ಸೊಂಟಕ್ಕೆ ಇಡಬಾರದು. ಮೂರ್ಛೆರೋಗದವರು, ಕ್ಯಾನ್ಸರ್ ಗಡ್ಡೆಯಿರುವವರು, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿರುವವರು ವೈದ್ಯರನ್ನು ಕೇಳದೆ ಬಳಸಬಾರದು. ಕತ್ತಿನ ಮುಂಭಾಗಕ್ಕಂತೂ ಯಾರಿಗೂ ಸಲ್ಲ. ಅಲ್ಲಿರುವ ನರಗಳು ಕೆರಳಿದರೆ ರಕ್ತದೊತ್ತಡ ಒಮ್ಮೆಲೇ ಕುಸಿಯಬಹುದು, ಗಂಟಲು ಬಿಗಿಯಬಹುದು. ಇವೆಲ್ಲ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಇರಬೇಕಾದ ಮಾತುಗಳು. ಆ ಜಾಗವನ್ನು ಹದಿನಾಲ್ಕು ಕಾಯಿಲೆಗಳ ಪಟ್ಟಿ ಆಕ್ರಮಿಸಿಕೊಂಡಿದೆ.

ಪಟ್ಟಿಯ ಪರಿಣಾಮವನ್ನು ಮನೆಯಲ್ಲೇ ಕಂಡೆ. ಅಮ್ಮನಿಗೆ ಎಪ್ಪತ್ತೊಂದು ವರ್ಷ, ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ, ಜೊತೆಗೆ ಮಂಡಿ ಸವೆತ. "ನಂಗೂ ಪಾದ ಮರಗಟ್ದಂಗೆ ಆಗ್ತದಲ್ಲೋ, ಆ ಮಿಷನ್ನ ಒಂದ್ಸಲ ಕಾಲಿಗಿಡು ನೋಡಣ" ಎಂದರು. ಮರಗಟ್ಟಿರುವ ಕಡೆ ಇಡಬಾರದಂತಮ್ಮ ಎಂದೆ. "ಹಂಗಾದ್ರೆ ಡಬ್ಬಿ ಮ್ಯಾಲೆ ಸಕ್ಕರೆ ಕಾಯ್ಲೆ ಅಂತ ಯಾಕ್ ಬರ್ದವ್ರೆ?" ಎಂಬ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಕರೆದುಕೊಂಡು ಹೋಗಿ ಅದೇ ಫಿಸಿಯೋಥೆರಪಿಸ್ಟರಲ್ಲಿ ತೋರಿಸಿದಾಗ, ಮಂಡಿಯ ಹತ್ತಿರ ಬಿಸಿ ತಂಪುಗಳನ್ನು ತಪ್ಪಿಲ್ಲದೆ ಹೇಳಿದ ಅಮ್ಮ, ಅಂಗಾಲಿಗೆ ಬಿಸಿನೀರಿನ ನಳಿಗೆ ತಾಗಿಸಿದಾಗ "ಇನ್ನೂ ಇಟ್ಟಿಲ್ವಲ್ಲ" ಎಂದರು. ಅಂಥ ಪಾದಕ್ಕೆ ಪ್ಯಾಡು ಅಂಟಿಸಿ ಜುಮುಜುಮು ತಿಳಿಯುವವರೆಗೆ ಪ್ರಮಾಣ ಏರಿಸುತ್ತ ಹೋಗಿದ್ದರೆ ಏನಾಗುತ್ತಿತ್ತೆಂದು ಊಹಿಸಬಹುದು. ಪಾದಕ್ಕೆ ಬೇಡವೆಂದೂ ಮಂಡಿಗೆ ಇಡಬಹುದೆಂದೂ ಅವರು ಹೇಳಿದರು. ಈಗ ವಾರಕ್ಕೆ ನಾಲ್ಕು ದಿನ ಬೆಳಿಗ್ಗೆ ಅಮ್ಮನ ಮಂಡಿಯ ಸುತ್ತ ಪ್ಯಾಡು ಅಂಟಿಸುತ್ತೇನೆ. ಅದು ಮುಗಿದ ಅರ್ಧ ಗಂಟೆಯಲ್ಲಿ ಅವರು ಕುರ್ಚಿಯ ಮೇಲೆ ಕುಳಿತು ಕಾಲು ನೀಡುವ ವ್ಯಾಯಾಮವನ್ನು ಗೊಣಗದೆ ಮಾಡುತ್ತಾರೆ. ಗೊಣಗದೆ ಮಾಡುವುದು ಯಂತ್ರದ ಗುಣವೋ, ಮಗ ಪಕ್ಕದಲ್ಲಿ ಕೂರುತ್ತಾನೆಂಬ ಸಂತೋಷವೋ ಹೇಳಲಾರೆ.

ಈ ಸಂದೇಹ ನನ್ನೊಬ್ಬನದಲ್ಲ. ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿಗಳನ್ನು ರೂಪಿಸುವ ನೈಸ್ ಸಂಸ್ಥೆ ಸೊಂಟನೋವಿಗೆ ಟೆನ್ಸ್ ಆಗಲಿ ಇಂಟರ್‌ಫರೆನ್ಷಿಯಲ್ ಆಗಲಿ ಕೊಡಬೇಡಿ ಎಂದು 2016ರಲ್ಲೂ, ಮಂಡಿ ಸವೆತದಂಥ ಕೀಲು ಸವೆತಕ್ಕೆ ಇಂಥ ವಿದ್ಯುತ್ ಚಿಕಿತ್ಸೆಗಳಿಂದ ಪ್ರಯೋಜನವಿದೆಯೆನ್ನಲು ಸಾಕಷ್ಟು ಪುರಾವೆಯಿಲ್ಲವೆಂದು 2022ರಲ್ಲೂ ಹೇಳಿತು. ಅದೇ 2022ರಲ್ಲಿ 381 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಇನ್ನೊಂದು ಸಮೀಕ್ಷೆ, ಟೆನ್ಸ್ ನಡೆಯುತ್ತಿರುವಾಗ ಮತ್ತು ನಿಲ್ಲಿಸಿದ ಕೂಡಲೇ ನೋವಿನ ತೀವ್ರತೆ ಕಡಿಮೆಯಿರುತ್ತದೆ ಎಂಬ ನಿರ್ಣಯಕ್ಕೆ ಬಂದಿತು. ಎರಡನ್ನೂ ಓದಿದಾಗ ಮೊದಲು ಗೊಂದಲವಾಯಿತು, ಆಮೇಲೆ ಆಗಲಿಲ್ಲ. "ನಡೆಯುತ್ತಿರುವಾಗ ಮತ್ತು ನಿಲ್ಲಿಸಿದ ಕೂಡಲೇ" ಎಂಬುದು ನನ್ನ ಬೆನ್ನು ಹೇಳುವ ಮಾತೇ ಆಗಿದೆ. ಅದಕ್ಕಿಂತ ಆಚೆಗೆ ಸೊಂಟ ಸರಿಹೋಗುವುದರಲ್ಲಿ ಕರೆಂಟಿನ ಪಾಲಿದೆಯೆಂದು ನನಗೂ ಅನ್ನಿಸಿಲ್ಲ. ಮೂರನೆಯ ತಿಂಗಳಲ್ಲಿ ಪರೀಕ್ಷೆಯ ಕೆಲಸದ ನಡುವೆ ವ್ಯಾಯಾಮ ಬಿಟ್ಟು ಬರೀ ಯಂತ್ರವನ್ನು ನಂಬಿಕೊಂಡ ಹದಿನೈದು ದಿನಗಳಲ್ಲಿ ನೋವು ಮೊದಲಿನಷ್ಟೇ ಆಗಿತ್ತು. ಹಣದ ಲೆಕ್ಕದಲ್ಲಿ ಯಂತ್ರಕ್ಕೂ ಮೂರು ಸೆಟ್ಟು ಪ್ಯಾಡಿಗೂ ಸೇರಿ ₹2,810 ಆಗಿದೆ, ಅಂದರೆ ಮೊದಲಿನ ಕೇಂದ್ರದ ಸುಮಾರು ಒಂಬತ್ತು ಸಲದ ಫೀಸು. ಪರದೆ ಎಳೆದು ಬಿಟ್ಟುಹೋಗುವ ಕಡೆ ಕೊಡುವ ಹಣಕ್ಕೆ ಹೋಲಿಸಿದರೆ ಇದು ಅಗ್ಗ. ಎರಡನೆಯ ಕೇಂದ್ರದವರ ಕೈಗೂ ಕಣ್ಣಿಗೂ ಇದು ಬದಲಿಯಲ್ಲ.

ಕೊಳ್ಳುವವರು ಡಬ್ಬಿಯನ್ನು ತಿರುಗಿಸಿ ನೋಡಬೇಕಾದದ್ದೊಂದಿದೆ. 2020ರ ಏಪ್ರಿಲ್ 1ರಿಂದ ನಮ್ಮಲ್ಲಿ ವೈದ್ಯಕೀಯ ಉಪಕರಣಗಳೆಲ್ಲ ಔಷಧ ಕಾಯ್ದೆಯ ವ್ಯಾಪ್ತಿಗೆ ಬಂದಿದ್ದು, ತಯಾರಕರು ಅಥವಾ ಆಮದುದಾರರು ಹಂತಹಂತವಾಗಿ ಪರವಾನಗಿ ಪಡೆಯಬೇಕಾಯಿತು. ನನ್ನ ಡಬ್ಬಿಯ ಮೇಲೆ ಪರವಾನಗಿ ಸಂಖ್ಯೆಯಿಲ್ಲ, ತಯಾರಕರ ವಿಳಾಸವಿಲ್ಲ. ಯುರೋಪಿನ ನಿಯಮಗಳಿಗೆ ಹೊಂದುತ್ತದೆಂದು ಸೂಚಿಸುವ "ಸಿಇ" ಎಂಬ ಎರಡಕ್ಷರದ ಮುದ್ರೆ ಮಾತ್ರ ಇದೆ. ಇದನ್ನು ನೋಡದೆ ಕೊಂಡದ್ದು ನನ್ನದೇ ತಪ್ಪು.

ಚಾರ್ಜಿಂಗ್ ದೋಷವನ್ನು ವಿವರಿಸಿ, ಆಸಿಲೋಸ್ಕೋಪಿನ ಚಿತ್ರವನ್ನೂ ಸೇರಿಸಿ ಮಾರಾಟಗಾರರಿಗೆ ಎರಡು ಸಲ ಬರೆದೆ. ಹಿಂದಿರುಗಿಸುವ ಅವಧಿ ಮುಗಿದಿದೆಯೆಂದೂ, ನನಗಾದ ತೊಂದರೆಗೆ ವಿಷಾದಿಸಿ ಒಂದು ಸೆಟ್ಟು ಪ್ಯಾಡನ್ನು ಉಚಿತವಾಗಿ ಕಳಿಸುತ್ತಿರುವುದಾಗಿಯೂ ಉತ್ತರ ಬಂತು. ಪ್ಯಾಡುಗಳು ನಾಲ್ಕೇ ದಿನದಲ್ಲಿ ಬಂದವು. ಮೊದಲಿನವು ಐದು ಸೆಂಟಿಮೀಟರ್ ಚೌಕದವು, ಇವು ನಾಲ್ಕರವು. ಇಪ್ಪತ್ತೈದು ಚದರ ಸೆಂಟಿಮೀಟರಿನಲ್ಲಿ ಹರಡುತ್ತಿದ್ದ ಕರೆಂಟು ಹದಿನಾರರಲ್ಲಿ ಹರಿಯಬೇಕು. ಹೀಗಾಗಿ ಇವನ್ನು ಅಂಟಿಸಿಕೊಂಡ ದಿನ ಗುಂಡಿಯನ್ನು ಎಂಟರ ಬದಲು ಐದಕ್ಕೆ ನಿಲ್ಲಿಸುತ್ತೇನೆ, ಚಾರ್ಜಿಂಗ್ ಕೇಬಲ್ಲನ್ನು ಕಾರ್ಯಾಗಾರದ ಬೀರುವಿನಲ್ಲಿಟ್ಟು ಬೀಗ ಹಾಕಿದ್ದೇನೆ.